ಊರಿಗೆ ಯೋಜನೆ ಬಂದಾಗ ಯಾರ ಕೆಲಸ ಏನು?



ಊರ ಪಕ್ಕದ ಗುಡ್ಡದಲ್ಲಿ ಗಣಿ ಶುರುವಾಗುತ್ತದಂತೆ, ಕೆರೆ ಕೆಳಗಿನ ಹೊಲಗಳ ಮೇಲೆ ಹೆದ್ದಾರಿ ಹಾದುಹೋಗುತ್ತದಂತೆ, ಹೋಬಳಿಗೊಂದು ಸಕ್ಕರೆ ಕಾರ್ಖಾನೆ ಬರುತ್ತದಂತೆ. ಇಂಥ ಸುದ್ದಿ ಎಷ್ಟೋ ಸಲ ಮೊದಲು ಕಿವಿಗೆ ಬೀಳುವುದು ಬೆಳಿಗ್ಗೆ ಡೇರಿ ಮುಂದೆ ಹಾಲು ಹಾಕಲು ಸಾಲಿನಲ್ಲಿ ನಿಂತಾಗ. ಕೆಲವರಿಗೆ ಮಕ್ಕಳಿಗೆ ಕೆಲಸ ಸಿಗುವ ಆಸೆ, ಕೆಲವರಿಗೆ ಜಮೀನು ಹೋಗುವ ಭಯ. ಎರಡೂ ಸಹಜ. ಆದರೆ ‘ನಮ್ಮ ಹಸುಗಳಿಗೆ ನೀರು ಎಲ್ಲಿಂದ, ಮೇವು ಎಲ್ಲಿಂದ?’ ಎಂಬ ಪ್ರಶ್ನೆಯನ್ನು ಯಾರ ಮುಂದೆ ಇಡಬೇಕು ಎಂಬುದು ಮಾತ್ರ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಒಂದು ಕಚೇರಿಗೆ ಹೋದರೆ ಇನ್ನೊಂದು ಕಚೇರಿ ತೋರಿಸುತ್ತಾರೆ. ಓಡಾಡುವಷ್ಟರಲ್ಲಿ ಕೇಳುವ ಕಾಲವೇ ಮುಗಿದಿರುತ್ತದೆ.

ದೊಡ್ಡ ಯೋಜನೆಯೊಂದು ಬರುವ ಮುನ್ನ ಅದರಿಂದ ನೀರು, ಗಾಳಿ, ಮಣ್ಣು, ಜನ, ಜಾನುವಾರುಗಳ ಮೇಲೆ ಏನು ಪರಿಣಾಮ ಆಗುತ್ತದೆ ಎಂದು ಮೊದಲೇ ಲೆಕ್ಕ ಹಾಕಬೇಕು ಎಂದು ನಮ್ಮ ದೇಶದ ಕಾನೂನು ಹೇಳುತ್ತದೆ. ಇದಕ್ಕೆ ‘ಪರಿಸರ ಪರಿಣಾಮ ಮೌಲ್ಯಮಾಪನ’ ಎಂದು ಹೆಸರು. 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 1994ರಲ್ಲಿ ಇದು ಕಡ್ಡಾಯವಾಯಿತು. ಈಗ ನಡೆಯುತ್ತಿರುವುದು 2006ರ ಸೆಪ್ಟೆಂಬರ್ 14ರ ಅಧಿಸೂಚನೆ ಮತ್ತು ಅದರ ತಿದ್ದುಪಡಿಗಳ ಪ್ರಕಾರ. ಈ ಕೆಲಸ ಒಬ್ಬರ ಕೈಯಲ್ಲಿಲ್ಲ, ಐದಾರು ಕೈಗಳಲ್ಲಿ ಹಂಚಿಹೋಗಿದೆ. ಯಾವ ಕೈ ಯಾವ ಕೆಲಸ ಮಾಡುತ್ತದೆ ಎಂದು ತಿಳಿದರೆ ಅರ್ಧ ಓಡಾಟ ತಪ್ಪುತ್ತದೆ.

ಡೇರಿಯ ಲೆಕ್ಕದಲ್ಲಿ ನೋಡಿದರೆ

ನಮ್ಮ ಸಂಘದಲ್ಲಿ ಹಾಲು ತಂದವರೇ ಫ್ಯಾಟ್ ಅಳೆದು ತಾವೇ ಬರೆದುಕೊಳ್ಳುವುದಿಲ್ಲ. ತಂದವರು ಒಬ್ಬರು, ಪರೀಕ್ಷೆ ಮಾಡುವವರು ಇನ್ನೊಬ್ಬರು, ಡೇರಿಯಲ್ಲಿ ಮತ್ತೊಮ್ಮೆ ಪರೀಕ್ಷೆ. ಅದಕ್ಕೇ ನಂಬಿಕೆ ಉಳಿದಿದೆ.

ಯೋಜನೆಗಳ ವಿಷಯದಲ್ಲಿ ಮೊದಲ ಪರೀಕ್ಷೆ ಸ್ವಲ್ಪ ಬೇರೆ ಥರ. ಇಲ್ಲಿ ವರದಿ ಬರೆಯಿಸುವವರು ಯೋಜನೆ ತರುವವರೇ. ಬರೆಯುವ ತಜ್ಞ ಸಂಸ್ಥೆಗೆ ಹಣ ಕೊಡುವವರೂ ಅವರೇ. ಹಾಲು ತಂದವರೇ ಮೊದಲ ಚೀಟಿ ಬರೆಸಿಕೊಂಡು ಬಂದ ಹಾಗೆ. ಅದು ಸುಳ್ಳು ಚೀಟಿ ಎಂದು ಇದರ ಅರ್ಥವಲ್ಲ. ಆದರೆ ಎರಡನೇ ಪರೀಕ್ಷೆ ಸರಿಯಾಗಿ ಆಗಲೇಬೇಕು. ಆ ಎರಡನೇ ಪರೀಕ್ಷೆಯಲ್ಲಿ ಊರಿನವರಿಗೆ ಕಾನೂನೇ ಒಂದು ಜಾಗ ಕೊಟ್ಟಿದೆ. ಅದೇ ಸಾರ್ವಜನಿಕ ಆಲಿಕೆ. ಅಹವಾಲು ಸಭೆ ಎಂದೂ ಕರೆಯುತ್ತಾರೆ.

ಎಲ್ಲಾ ಯೋಜನೆಗೂ ಇದು ಇದೆಯೇ?

ಇಲ್ಲ. ಅಧಿಸೂಚನೆಯ ಪಟ್ಟಿಯಲ್ಲಿರುವ ಯೋಜನೆಗಳಿಗೆ ಮಾತ್ರ. ಗಣಿಗಾರಿಕೆ, ದೊಡ್ಡ ಅಣೆಕಟ್ಟು, ಕಲ್ಲಿದ್ದಲು ವಿದ್ಯುತ್ ಸ್ಥಾವರ, ಸಿಮೆಂಟ್, ರಾಸಾಯನಿಕ ಕಾರ್ಖಾನೆ, ಡಿಸ್ಟಿಲರಿ, ವಿಮಾನ ನಿಲ್ದಾಣ, ಹೊಸ ರಾಷ್ಟ್ರೀಯ ಹೆದ್ದಾರಿ, ಕೈಗಾರಿಕಾ ಪ್ರದೇಶ ಇಂಥವು ಪಟ್ಟಿಯಲ್ಲಿವೆ. ಸಕ್ಕರೆ ಕಾರ್ಖಾನೆಯಾದರೆ ದಿನಕ್ಕೆ 5,000 ಟನ್ ಅಥವಾ ಅದಕ್ಕಿಂತ ಹೆಚ್ಚು ಕಬ್ಬು ಅರೆಯುವಂಥದ್ದು ಇದರಲ್ಲಿ ಬರುತ್ತದೆ. ಅದಕ್ಕಿಂತ ಚಿಕ್ಕದಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಸಾಕು. ಸಣ್ಣ ಕಲ್ಲು ಕ್ವಾರಿಗಳು ಮೊದಲು ತಪ್ಪಿಸಿಕೊಳ್ಳುತ್ತಿದ್ದವು. 5 ಹೆಕ್ಟೇರಿಗಿಂತ ಚಿಕ್ಕ ಕ್ವಾರಿಗೂ ಪರಿಸರ ಅನುಮತಿ ಬೇಕು ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿತು.

ಪಟ್ಟಿಯಲ್ಲಿ ಇಲ್ಲದ ದೊಡ್ಡ ಯೋಜನೆಗಳೂ ಇವೆ. ಸೌರ ವಿದ್ಯುತ್ ಪಾರ್ಕ್ ಅದಕ್ಕೆ ಉದಾಹರಣೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್ ಇದೆ. ಜಮೀನನ್ನು ರೈತರಿಂದ ಗುತ್ತಿಗೆಗೆ ಪಡೆದಿದ್ದಾರೆ, ಗುತ್ತಿಗೆ ಹಣ ಜಮೀನಿನ ಮಾಲೀಕರಿಗೆ ಬರುತ್ತದೆ. ಆದರೆ ಅಷ್ಟು ಜಾಗದಲ್ಲಿ ದನ, ಕುರಿ ಮೇಯಿಸುತ್ತಿದ್ದವರ ಲೆಕ್ಕ ಹಾಕುವ ಪರಿಸರ ವರದಿಯನ್ನು ಈ ಅಧಿಸೂಚನೆ ಕೇಳುವುದಿಲ್ಲ. ಆದ್ದರಿಂದ ಯಾವುದೇ ಯೋಜನೆಯ ಸುದ್ದಿ ಬಂದಾಗ ಮೊದಲ ಪ್ರಶ್ನೆ ಹೀಗಿರಲಿ: ‘ಇದಕ್ಕೆ ಪರಿಸರ ಅನುಮತಿ ಬೇಕೇ? ಬೇಕಾದರೆ ಸಾರ್ವಜನಿಕ ಆಲಿಕೆ ಇದೆಯೇ?’

ಪಟ್ಟಿಯಲ್ಲಿರುವ ಯೋಜನೆಗಳಲ್ಲಿ ‘ಎ’ ಮತ್ತು ‘ಬಿ’ ಎಂದು ಎರಡು ವರ್ಗ. ‘ಎ’ ವರ್ಗದ ತೀರ್ಮಾನ ದೆಹಲಿಯ ಕೇಂದ್ರ ಪರಿಸರ ಸಚಿವಾಲಯದ್ದು. ‘ಬಿ’ ವರ್ಗದ ತೀರ್ಮಾನ ಬೆಂಗಳೂರಿನಲ್ಲಿರುವ ರಾಜ್ಯ ಪ್ರಾಧಿಕಾರದ್ದು. ‘ಬಿ’ ವರ್ಗದಲ್ಲೇ ‘ಬಿ2’ ಎಂದು ಗುರುತಿಸಿದ ಚಿಕ್ಕ ಯೋಜನೆಗಳಿಗೆ ಸಾರ್ವಜನಿಕ ಆಲಿಕೆ ಇರುವುದಿಲ್ಲ. ಹೊಸದಾಗಿ ಜಮೀನು ತೆಗೆದುಕೊಳ್ಳದೆ ಮಾಡುವ ರಸ್ತೆ ವಿಸ್ತರಣೆಗೂ ಇಲ್ಲ.

ಯಾರು, ಯಾವ ಕೆಲಸ

ಯೋಜನೆ ತರುವವರು: ಖಾಸಗಿ ಕಂಪನಿ ಆಗಿರಬಹುದು, ಸರ್ಕಾರದ ನಿಗಮವೋ ಪ್ರಾಧಿಕಾರವೋ ಆಗಿರಬಹುದು. ಏನು ಕಟ್ಟುತ್ತೇವೆ, ಎಲ್ಲಿ, ಎಷ್ಟು ನೀರು ಬೇಕು, ಎಷ್ಟು ಮರ ಕಡಿಯುತ್ತೇವೆ ಎಂದು ಮೊದಲ ಅರ್ಜಿಯಲ್ಲಿ ಹೇಳಬೇಕಾದವರು ಇವರು. ಅರ್ಜಿ ಸಲ್ಲಿಸುವುದು ‘ಪರಿವೇಶ್’ ಎಂಬ ಸರ್ಕಾರಿ ಜಾಲತಾಣದಲ್ಲಿ. ಅದನ್ನು ಯಾರು ಬೇಕಾದರೂ ನೋಡಬಹುದು. ಕಾಲೇಜಿಗೆ ಹೋಗುವ ಮಕ್ಕಳಿಗೆ ಹೇಳಿದರೆ ಮೊಬೈಲಿನಲ್ಲೇ ಹುಡುಕಿ ಕೊಡುತ್ತಾರೆ.

ತಜ್ಞರ ಸಮಿತಿ, ಮೊದಲ ಸುತ್ತು: ವರದಿಯಲ್ಲಿ ಏನೇನು ಅಧ್ಯಯನ ಮಾಡಬೇಕು ಎಂದು ಪಟ್ಟಿ ಕೊಡುವವರು ಇವರು. ರಾಜ್ಯ ಮಟ್ಟದಲ್ಲೂ ಇಂಥ ಸಮಿತಿ ಇದೆ, ಕೇಂದ್ರ ಮಟ್ಟದಲ್ಲೂ ಸಮಿತಿಗಳಿವೆ. ಸಮಿತಿ ಕೊಟ್ಟ ಪಟ್ಟಿಯಂತೆ ವರದಿ ತಯಾರಾಗಬೇಕು.

ವರದಿ ಬರೆಯುವ ಸಲಹಾ ಸಂಸ್ಥೆ: ಭಾರತೀಯ ಗುಣಮಟ್ಟ ಪರಿಷತ್ತಿನ ಮಾನ್ಯತೆ ಪಡೆದ ಸಂಸ್ಥೆಯೇ ವರದಿ ಬರೆಯಬೇಕು. ಸಾಮಾನ್ಯವಾಗಿ ಯೋಜನಾ ಜಾಗದ ಸುತ್ತ 10 ಕಿಲೋಮೀಟರ್ ವ್ಯಾಪ್ತಿಯಲ್ಲಿ ಮಳೆಗಾಲ ಬಿಟ್ಟು ಒಂದು ಋತುವಿನ ಮಾಹಿತಿ ತೆಗೆದುಕೊಳ್ಳುತ್ತಾರೆ. ಬಾವಿ ನೀರು, ಗಾಳಿ, ಮಣ್ಣು, ಶಬ್ದ, ಗಿಡಮರ, ಜನಜೀವನ ಎಲ್ಲವೂ ಅದರಲ್ಲಿ ಇರಬೇಕು. ಸರ್ವೆ ಮಾಡುವವರು ಮನೆ ಬಾಗಿಲಿಗೆ ಬಂದರೆ ಗುರುತಿನ ಚೀಟಿ ನೋಡಿ, ಯಾವ ಯೋಜನೆಗೆ ಎಂದು ಕೇಳಿ. ‘ಮನೆ ಯಜಮಾನರಿಲ್ಲ, ಆಮೇಲೆ ಬನ್ನಿ’ ಎಂದು ಕಳುಹಿಸಬೇಡಿ. ಹಸು ಎಷ್ಟು, ನೀರು ಎಲ್ಲಿ ಕುಡಿಸುತ್ತೀರಿ, ಮೇವು ಎಲ್ಲಿಂದ ತರುತ್ತೀರಿ ಎಂಬುದು ನಿಮಗಿಂತ ಚೆನ್ನಾಗಿ ಗೊತ್ತಿರುವವರು ಮನೆಯಲ್ಲಿ ಯಾರೂ ಇಲ್ಲ.

ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ: ಕರಡು ವರದಿ ತಯಾರಾದ ಮೇಲೆ ಸಾರ್ವಜನಿಕ ಆಲಿಕೆಯನ್ನು ಏರ್ಪಡಿಸುವುದು ಈ ಮಂಡಳಿ. ಕನಿಷ್ಠ 30 ದಿನ ಮೊದಲು ಒಂದು ರಾಷ್ಟ್ರೀಯ ಪತ್ರಿಕೆಯಲ್ಲಿ ಮತ್ತು ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಪತ್ರಿಕೆ ತಲುಪದ ಕಡೆ ತಮಟೆ ಹೊಡೆಸಿ, ರೇಡಿಯೊ, ಟಿ.ವಿ. ಮೂಲಕ ತಿಳಿಸಬೇಕು. ವರದಿಯ ಸಾರಾಂಶ ಕನ್ನಡದಲ್ಲಿ ಇರಲೇಬೇಕು. ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರ, ಸ್ಥಳೀಯ ಸಂಸ್ಥೆಗಳಲ್ಲಿ ಅದು ನೋಡಲು ಸಿಗಬೇಕು.

ಜಿಲ್ಲಾಧಿಕಾರಿ: ಸಭೆಯ ಅಧ್ಯಕ್ಷತೆ ಇವರದು. ಬರಲಾಗದಿದ್ದರೆ ಅಪರ ಜಿಲ್ಲಾಧಿಕಾರಿಗಿಂತ ಕೆಳಗಿನವರು ಕೂರುವಂತಿಲ್ಲ. ಒಂದು ಮಾತು ಇಲ್ಲಿ ಸ್ಪಷ್ಟವಾಗಿರಲಿ. ಈ ಸಭೆಯಲ್ಲಿ ಯೋಜನೆಗೆ ಒಪ್ಪಿಗೆ ಕೊಡುವುದೂ ಇಲ್ಲ, ತಿರಸ್ಕರಿಸುವುದೂ ಇಲ್ಲ. ಜಿಲ್ಲಾಧಿಕಾರಿಗಳ ಕೆಲಸ ಎಲ್ಲರ ಮಾತು ಕೇಳಿ, ದಾಖಲಿಸಿ, ಮೇಲಕ್ಕೆ ಕಳುಹಿಸುವುದು. ‘ಡಿ.ಸಿ. ಸಾಹೇಬರು ನೋಡುತ್ತೇವೆ ಅಂದರು’ ಎಂದು ನೆಮ್ಮದಿಯಿಂದ ಮನೆಗೆ ಬರುವುದಕ್ಕಿಂತ ನಮ್ಮ ಮಾತು ಬರವಣಿಗೆಯಲ್ಲಿ ಸೇರಿತೇ ಎಂದು ನೋಡಿಕೊಂಡು ಬರುವುದು ಮುಖ್ಯ.

ತಜ್ಞರ ಸಮಿತಿ, ಎರಡನೇ ಸುತ್ತು: ಆಲಿಕೆಯಲ್ಲಿ ಬಂದ ಪ್ರಶ್ನೆಗಳಿಗೆ ಯೋಜನೆ ತರುವವರು ಉತ್ತರ ಸೇರಿಸಿ ಅಂತಿಮ ವರದಿ ಕೊಡಬೇಕು. ಅದನ್ನು ಸಮಿತಿ ಪರಿಶೀಲಿಸಿ, ಅನುಮತಿ ಕೊಡಬಹುದೇ, ಯಾವ ಷರತ್ತು ಹಾಕಬೇಕು ಎಂದು ಶಿಫಾರಸು ಮಾಡುತ್ತದೆ.

ತೀರ್ಮಾನ ಮಾಡುವವರು: ‘ಬಿ’ ವರ್ಗಕ್ಕೆ ಮೂವರು ಸದಸ್ಯರ ರಾಜ್ಯ ಮಟ್ಟದ ಪರಿಸರ ಪರಿಣಾಮ ಮೌಲ್ಯಮಾಪನ ಪ್ರಾಧಿಕಾರ, ‘ಎ’ ವರ್ಗಕ್ಕೆ ಕೇಂದ್ರ ಸಚಿವಾಲಯ. ಅನುಮತಿ ಪತ್ರಕ್ಕೆ ಸಹಿ ಬೀಳುವುದು ಇಲ್ಲಿ.

ಗಮನಿಸಿ: ಸಮಿತಿಯವರೂ ಪ್ರಾಧಿಕಾರದವರೂ ಹೆಚ್ಚಾಗಿ ನೋಡುವುದು ಕಾಗದವನ್ನು. ನಿಮ್ಮ ಗೋಮಾಳ, ನಿಮ್ಮ ಕಟ್ಟೆ ಆ ಕಾಗದದಲ್ಲಿ ಇಲ್ಲದಿದ್ದರೆ ಅವರ ಕಣ್ಣಿಗೆ ಅದು ಇಲ್ಲವೇ ಇಲ್ಲ. ಊರಿನ ಮಾತು ಕಾಗದಕ್ಕೆ ಸೇರುವ ಮುಖ್ಯ ಬಾಗಿಲು ಸಾರ್ವಜನಿಕ ಆಲಿಕೆಯೇ.

ಕಾಗದದಲ್ಲಿ ತಪ್ಪಿದ್ದರೆ ಏನಾಗುತ್ತದೆ: ಬೆಂಗಳೂರು ಪೆರಿಫೆರಲ್ ರಿಂಗ್ ರಸ್ತೆ

ತುಮಕೂರು ರಸ್ತೆಯಿಂದ ಹೊಸೂರು ರಸ್ತೆವರೆಗೆ ಬೆಂಗಳೂರಿನ ಹೊರಗೆ ಸುಮಾರು 65 ಕಿಲೋಮೀಟರ್ ಉದ್ದದ ರಸ್ತೆ ಮಾಡಲು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಹೊರಟಿತು. ಯೋಜನೆ ತರುವವರು ಇಲ್ಲಿ ಸರ್ಕಾರದ್ದೇ ಸಂಸ್ಥೆ. ವರದಿ ತಯಾರಾಯಿತು, ರಾಜ್ಯದ ತಜ್ಞರ ಸಮಿತಿ ಶಿಫಾರಸು ಮಾಡಿತು, ರಾಜ್ಯ ಪ್ರಾಧಿಕಾರ 2014ರ ನವೆಂಬರಿನಲ್ಲಿ ಅನುಮತಿ ಕೊಟ್ಟಿತು.

ಕೆಲವರು ಇದನ್ನು ಪ್ರಶ್ನಿಸಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋದರು. ವಿಷಯ ಕೊನೆಗೆ ಸುಪ್ರೀಂ ಕೋರ್ಟ್ ತಲುಪಿತು. 2020ರ ಮಾರ್ಚ್ 17ರ ತೀರ್ಪಿನಲ್ಲಿ ಕೋರ್ಟ್ ಒಂದೊಂದು ಕೈ ಮಾಡಿದ ಕೆಲಸವನ್ನೂ ತೂಗಿ ನೋಡಿತು. ವರದಿಗೆ ಬಳಸಿದ ಮಾಹಿತಿ ಹಳೆಯದಾಗಿತ್ತು. ಮೂರು ವರ್ಷಕ್ಕಿಂತ ಹಳೆಯ ಮಾಹಿತಿ ಬಳಸಬಾರದು ಎಂಬ ಸೂಚನೆ ಇದ್ದರೂ ಅದರ ಮೇಲೇ ಅನುಮತಿ ಕೊಡಲಾಗಿತ್ತು. ಕಡಿಯುವ ಮರಗಳ ಸಂಖ್ಯೆ ಮೊದಲ ಅರ್ಜಿಯಲ್ಲಿ ನೂರರ ಲೆಕ್ಕದಲ್ಲಿತ್ತು, ಆಮೇಲೆ ಅದು 16,000 ದಾಟಿತು. ಇಷ್ಟು ವ್ಯತ್ಯಾಸವನ್ನು ತಜ್ಞರ ಸಮಿತಿ ಕೇಳಬೇಕಿತ್ತು. ಸಮಿತಿ ಯಾವ ಕಾರಣಕ್ಕೆ ಶಿಫಾರಸು ಮಾಡಿದೆ ಎಂಬುದನ್ನು ಬರೆದಿಡಬೇಕು ಎಂದು ಕೋರ್ಟ್ ಹೇಳಿತು. ಹಳೆಯ ವರದಿ ಬಿಟ್ಟು ಹೊಸದಾಗಿ ಮೌಲ್ಯಮಾಪನ ಮಾಡಿ ಎಂದು ಆದೇಶವಾಯಿತು.

ಆ ಯೋಜನೆ ಅಲ್ಲಿಗೇ ನಿಲ್ಲಲಿಲ್ಲ, ಈಗ ಬೇರೆ ಹೆಸರಿನಲ್ಲಿ ಮುಂದುವರಿದಿದೆ. ಆದರೆ ನಮಗೆ ಬೇಕಾದ ಪಾಠ ಇದು: ಸರ್ಕಾರದ ಯೋಜನೆಯಾದರೂ, ಎಲ್ಲಾ ಸಹಿಗಳಾಗಿದ್ದರೂ, ವರದಿಯಲ್ಲಿನ ಸಂಖ್ಯೆ ತಪ್ಪಿದ್ದರೆ ಕೋರ್ಟ್ ಕೇಳುತ್ತದೆ. ತಪ್ಪು ಸಂಖ್ಯೆಯನ್ನು ಮೊದಲು ಗುರುತಿಸಬಲ್ಲವರು ಆ ಜಾಗದಲ್ಲಿ ದಿನವೂ ಓಡಾಡುವವರು. ಮರದ ಲೆಕ್ಕ ತಪ್ಪಬಹುದಾದರೆ ಹಸುವಿನ ಲೆಕ್ಕವೂ ತಪ್ಪಬಹುದು, ಕಟ್ಟೆಯ ಲೆಕ್ಕವೂ ತಪ್ಪಬಹುದು.

ಆಲಿಕೆಗೆ ಹೋಗುವ ಮುನ್ನ

ಪಹಣಿಯಲ್ಲಿ ನಿಮ್ಮ ಹೆಸರಿಲ್ಲದಿದ್ದರೂ ನೀವು ಆಲಿಕೆಯಲ್ಲಿ ಮಾತಾಡಬಹುದು. ಜಮೀನಿನ ಮಾಲೀಕರು ಮಾತ್ರ ಎಂಬ ನಿಯಮ ಇಲ್ಲ. ಯೋಜನೆಯಿಂದ ತೊಂದರೆಗೊಳಗಾಗುವ ಸ್ಥಳೀಯರು ಯಾರು ಬೇಕಾದರೂ ಬರಬಹುದು, ಪ್ರಶ್ನೆ ಕೇಳಬಹುದು, ಯೋಜನೆ ತರುವವರಿಂದ ವಿವರಣೆ ಪಡೆಯಬಹುದು. ಬರಲಾಗದಿದ್ದರೆ ಬರೆದು ಕಳುಹಿಸಬಹುದು. ಇಷ್ಟು ಜನ ಬಂದರೆ ಮಾತ್ರ ಸಭೆ ಎಂಬ ಕೋರಂ ಇಲ್ಲ. ಯಾರೂ ಬರದಿದ್ದರೂ ಸಭೆ ನಡೆದೇಹೋಗುತ್ತದೆ, ‘ಆಕ್ಷೇಪಣೆ ಬಂದಿಲ್ಲ’ ಎಂದೂ ದಾಖಲಾಗಬಹುದು. ಸಭೆ ಹಾಲು ಕರೆಯುವ ಹೊತ್ತಿಗೆ ತಾಗಿದರೆ ಮನೆಯಲ್ಲಿ ಒಬ್ಬರಿಗೆ ಕೆಲಸ ಒಪ್ಪಿಸಿ, ಸಂಘದಿಂದ ನಾಲ್ಕೈದು ಸದಸ್ಯೆಯರಾದರೂ ಒಟ್ಟಿಗೆ ಹೋಗಿ.

ಬರಿಗೈಯಲ್ಲಿ ಹೋಗಬೇಡಿ. ಬೇರೆ ಯಾರ ಬಳಿಯೂ ಇಲ್ಲದ ದಾಖಲೆ ನಮ್ಮ ಸಂಘದಲ್ಲಿದೆ. ಯಾವ ಮನೆಯಿಂದ ದಿನಕ್ಕೆ ಎಷ್ಟು ಲೀಟರ್ ಹಾಲು ಬಂತು, ಎಷ್ಟು ಬಟವಾಡೆ ಆಯಿತು ಎಂಬ ಲೆಕ್ಕ ಬೆಳಿಗ್ಗೆ ಸಂಜೆ ಬರೆದಿಟ್ಟದ್ದು. ಜಾನುವಾರು ಗಣತಿ ಐದು ವರ್ಷಕ್ಕೊಮ್ಮೆ ನಡೆಯುತ್ತದೆ. ಸಂಘದ ಪುಸ್ತಕ ನಿನ್ನೆಯದನ್ನೂ ಹೇಳುತ್ತದೆ. ‘ನಮಗೆ ತೊಂದರೆ ಆಗುತ್ತದೆ’ ಎನ್ನುವುದಕ್ಕಿಂತ ‘ನಮ್ಮ ಸಂಘಕ್ಕೆ ದಿನಕ್ಕೆ ಇಷ್ಟು ಲೀಟರ್ ಹಾಲು ಬರುತ್ತದೆ, ಅದರಲ್ಲಿ ಇಷ್ಟು ಮನೆಗಳ ಹಸುಗಳು ಆ ಕಟ್ಟೆಯ ನೀರನ್ನೇ ಕುಡಿಯುತ್ತವೆ’ ಎಂದರೆ ಅದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ.

ಕಾರ್ಯದರ್ಶಿ ಮತ್ತು ಆಡಳಿತ ಮಂಡಳಿ ಸೇರಿ ಒಂದು ಹಾಳೆಯಲ್ಲಿ ಇವನ್ನು ಬರೆದಿಟ್ಟುಕೊಳ್ಳಿ:

1. ಸಂಘದ ಸದಸ್ಯೆಯರ ಸಂಖ್ಯೆ, ಕರೆಯುವ ಹಸು, ಎಮ್ಮೆ, ಕರುಗಳ ಸಂಖ್ಯೆ, ದಿನದ ಸರಾಸರಿ ಹಾಲು.

2. ನೀರಿನ ಮೂಲಗಳು: ಕೆರೆ, ಕಟ್ಟೆ, ಕೊಳವೆಬಾವಿ, ದನದ ತೊಟ್ಟಿ. ಕರೆಯುವ ಮಿಶ್ರತಳಿ ಹಸುವಿಗೆ ಬೇಸಿಗೆಯಲ್ಲಿ ದಿನಕ್ಕೆ 60 ಲೀಟರಿಗೂ ಹೆಚ್ಚು ನೀರು ಬೇಕು. ಊರಿನ ಎಲ್ಲಾ ಹಸುಗಳ ಲೆಕ್ಕ ಹಾಕಿದರೆ ಅದು ಚಿಕ್ಕ ಸಂಖ್ಯೆಯಲ್ಲ.

3. ಮೇವಿನ ಮೂಲಗಳು: ಗೋಮಾಳದ ಸರ್ವೆ ನಂಬರ್, ಹಸಿರು ಮೇವು ಬೆಳೆಯುವ ಹೊಲಗಳು, ಬದುವಿನ ಹುಲ್ಲು, ರಾಗಿ ಅಥವಾ ಜೋಳದ ಹುಲ್ಲು ಎಲ್ಲಿಂದ ಬರುತ್ತದೆ. ಹುಲ್ಲು ಕೊಂಡು ತರುವ ಭೂರಹಿತ ಸದಸ್ಯೆಯರು ಎಷ್ಟು.

4. ದನ ಹೋಗುವ ದಾರಿ. ಹೊಸ ರಸ್ತೆ ಅಡ್ಡ ಬಂದರೆ ದಾಟುವುದು ಎಲ್ಲಿ? ದನ ದಾಟಲು ಕೆಳಸೇತುವೆ ಇದೆಯೇ, ಎಷ್ಟು ದೂರಕ್ಕೆ ಒಂದು?

5. ಧೂಳು, ಹೊಗೆ, ಕೊಳಚೆ ನೀರು. ಗಾಳಿ ಬೀಸುವ ದಿಕ್ಕಿನಲ್ಲಿ ಮೇವಿನ ಹೊಲಗಳಿವೆಯೇ? ಕಾರ್ಖಾನೆಯ ನೀರು ಯಾವ ಹಳ್ಳಕ್ಕೆ ಸೇರುತ್ತದೆ? ಕಲ್ಲು ಸಿಡಿಸುವ ಹೊತ್ತು ಯಾವುದು?

ಈ ಹಾಳೆಯನ್ನು ಮುಂದಿಟ್ಟುಕೊಂಡು ವರದಿಯ ಕನ್ನಡ ಸಾರಾಂಶ ಓದಿ. ಅದರಲ್ಲಿ ನಿಮ್ಮ ಕಟ್ಟೆ ಇದೆಯೇ? ಗೋಮಾಳ ಇದೆಯೇ? ಅದನ್ನು ‘ಬರಡು ಭೂಮಿ’ ಎಂದು ಬರೆದಿದ್ದಾರೆಯೇ? ಅರ್ಜಿ ಬರೆಯಲು ಈ ಮಾದರಿ ಸಾಕು:

‘ನಮ್ಮ ____ ಗ್ರಾಮದ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ____ ಸದಸ್ಯೆಯರಿದ್ದು, ದಿನಕ್ಕೆ ಸರಾಸರಿ ____ ಲೀಟರ್ ಹಾಲು ಪೂರೈಸುತ್ತಿದ್ದೇವೆ. ಯೋಜನಾ ಜಾಗದಲ್ಲಿ ಬರುವ ಸರ್ವೆ ನಂ. ____ ಗೋಮಾಳದಲ್ಲಿ ನಮ್ಮ ____ ರಾಸುಗಳು ಮೇಯುತ್ತವೆ. ಸರ್ವೆ ನಂ. ____ ಕಟ್ಟೆಯ ನೀರು ಕುಡಿಯುತ್ತವೆ. ಕರಡು ವರದಿಯಲ್ಲಿ ಇದರ ಪ್ರಸ್ತಾಪವಿಲ್ಲ. ಬದಲಿ ನೀರು ಮತ್ತು ಮೇವಿಗೆ ಏನು ವ್ಯವಸ್ಥೆ, ಯಾವಾಗ, ಯಾರ ಹೊಣೆ ಎಂಬುದನ್ನು ಅಂತಿಮ ವರದಿಯಲ್ಲಿ ಸೇರಿಸಿ, ಅನುಮತಿಯ ಷರತ್ತಾಗಿ ವಿಧಿಸಬೇಕೆಂದು ಕೋರುತ್ತೇವೆ.’

ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಸಭೆಯ ಕೊನೆಯಲ್ಲಿ ನಡಾವಳಿಯನ್ನು ಎಲ್ಲರಿಗೂ ಕೇಳಿಸುವಂತೆ ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು ಎಂಬುದು ನಿಯಮ. ಅಲ್ಲಿಯವರೆಗೆ ಕುಳಿತಿರಿ. ನಿಮ್ಮ ಮಾತು ಬಿಟ್ಟುಹೋಗಿದ್ದರೆ ಅಲ್ಲೇ ಎದ್ದು ಹೇಳಿ. ಸಭೆಯ ವಿಡಿಯೊ ಚಿತ್ರೀಕರಣವೂ ಕಡ್ಡಾಯ. ಆಮೇಲೆ ನಡಾವಳಿಯನ್ನು ಪಂಚಾಯಿತಿ ಕಚೇರಿಯಲ್ಲಿ ಹಾಕಬೇಕು. ಅದರಲ್ಲಿ ತಪ್ಪಿದ್ದರೆ ತೀರ್ಮಾನ ಮಾಡುವ ಪ್ರಾಧಿಕಾರಕ್ಕೆ ನೇರವಾಗಿ ಪತ್ರ ಬರೆಯಬಹುದು.

ಭಾಷೆಯ ವಿಷಯದಲ್ಲೂ ಅಳುಕು ಬೇಡ. 2020ರಲ್ಲಿ ಕೇಂದ್ರ ಸರ್ಕಾರ ಈ ನಿಯಮಗಳನ್ನೇ ಬದಲಿಸುವ ಕರಡು ಹೊರಡಿಸಿದಾಗ, ಅದನ್ನು ಸ್ಥಳೀಯ ಭಾಷೆಗಳಲ್ಲಿ ಸರಿಯಾಗಿ ಪ್ರಕಟಿಸಿಲ್ಲ ಎಂಬ ವಿಷಯ ಕರ್ನಾಟಕ ಹೈಕೋರ್ಟಿಗೆ ಹೋಗಿತ್ತು. ಅಂತಿಮ ಅಧಿಸೂಚನೆ ಹೊರಡಿಸದಂತೆ ಹೈಕೋರ್ಟ್ ಆಗಸ್ಟ್ ತಿಂಗಳಲ್ಲಿ ಮಧ್ಯಂತರ ತಡೆ ಕೊಟ್ಟಿತು. ‘ಕನ್ನಡದಲ್ಲಿ ಹೇಳಿ’ ಎನ್ನುವುದಕ್ಕೆ ಸಂಕೋಚ ಪಡಬೇಕಿಲ್ಲ.

ಜಮೀನು ತೆಗೆದುಕೊಳ್ಳುವುದು ಬೇರೆ ದಾರಿ

ಪರಿಸರ ಅನುಮತಿ ಒಂದು ದಾರಿ, ಭೂಸ್ವಾಧೀನ ಇನ್ನೊಂದು ದಾರಿ. ಒಂದರಲ್ಲಿ ಕೊಟ್ಟ ಅರ್ಜಿ ಇನ್ನೊಂದಕ್ಕೆ ತಾನಾಗಿ ಹೋಗುವುದಿಲ್ಲ.

2013ರ ಭೂಸ್ವಾಧೀನ ಕಾಯ್ದೆಯಲ್ಲಿ ‘ಸಾಮಾಜಿಕ ಪರಿಣಾಮ ಅಧ್ಯಯನ’ ಎಂಬುದಿದೆ. ಇದನ್ನು ಸರ್ಕಾರ ಪಂಚಾಯಿತಿಯ ಜೊತೆ ಸಮಾಲೋಚಿಸಿ ಆರು ತಿಂಗಳಲ್ಲಿ ಮುಗಿಸಬೇಕು, ಬಾಧಿತ ಪ್ರದೇಶದಲ್ಲೇ ಸಭೆ ನಡೆಸಬೇಕು, ಆಮೇಲೆ ತಜ್ಞರ ಗುಂಪು ಅದನ್ನು ಪರಿಶೀಲಿಸಬೇಕು. ಕುಡಿಯುವ ನೀರು, ದನಕರುಗಳ ನೀರಿನ ಮೂಲ, ಊರ ಕಟ್ಟೆ, ಮೇಯುವ ಭೂಮಿ ಇವುಗಳ ಮೇಲಿನ ಪರಿಣಾಮ ನೋಡಬೇಕು ಎಂದು ಈ ಕಾಯ್ದೆಯ 4ನೇ ಕಲಮಿನಲ್ಲಿ ಹೆಸರು ಹಿಡಿದೇ ಬರೆದಿದೆ. ಅಂದರೆ ಹಸುವಿನ ನೀರಿನ ಮಾತೆತ್ತುವುದು ಸಣ್ಣ ಮಾತಲ್ಲ, ಕಾನೂನಿನಲ್ಲೇ ಇರುವ ಮಾತು. ಅಲ್ಲಿ ಮೂರು ವರ್ಷಗಳಿಂದ ದುಡಿದು ಅದರಿಂದಲೇ ಬದುಕುತ್ತಿರುವ ಭೂರಹಿತ ಕೂಲಿಕಾರರು, ಗೇಣಿದಾರರು ಕೂಡ ಬಾಧಿತ ಕುಟುಂಬವೇ. ದನ ಸಾಕಿರುವ ಬಾಧಿತ ಕುಟುಂಬಕ್ಕೆ ಕೊಟ್ಟಿಗೆ ಕಟ್ಟಿಕೊಳ್ಳಲು ಒಂದು ಬಾರಿಗೆ ಕನಿಷ್ಠ 25,000 ರೂಪಾಯಿ ಕೊಡಬೇಕೆಂದೂ ಇದೆ.

ಆದರೆ ಎಲ್ಲಾ ಸ್ವಾಧೀನವೂ ಈ ಕಾಯ್ದೆಯಡಿ ಹೀಗೇ ನಡೆಯುವುದಿಲ್ಲ. ಕೆಲವು ಬಗೆಯ ಯೋಜನೆಗಳನ್ನು ಈ ಅಧ್ಯಯನದಿಂದ ಹೊರಗಿಡಲು ರಾಜ್ಯದ 2019ರ ತಿದ್ದುಪಡಿ ಅವಕಾಶ ಕೊಡುತ್ತದೆ. ಕೈಗಾರಿಕಾ ಪ್ರದೇಶಕ್ಕೆ 1966ರ ಕೆಐಎಡಿಬಿ ಕಾಯ್ದೆಯಡಿ, ರಾಷ್ಟ್ರೀಯ ಹೆದ್ದಾರಿಗೆ ಹೆದ್ದಾರಿ ಕಾಯ್ದೆಯಡಿ ಸ್ವಾಧೀನ ನಡೆಯುತ್ತದೆ. ಆದ್ದರಿಂದ ನೋಟಿಸು ಬಂದ ಕೂಡಲೇ ‘ಯಾವ ಕಾಯ್ದೆ, ಯಾವ ಕಲಮು, ಆಕ್ಷೇಪಣೆಗೆ ಎಷ್ಟು ದಿನ’ ಎಂಬ ಮೂರನ್ನು ನೋಡಿಕೊಳ್ಳಿ.

ಅನುಮತಿ ಸಿಕ್ಕ ಮೇಲೆ

ಅನುಮತಿ ಪತ್ರದಲ್ಲಿ ಷರತ್ತುಗಳಿರುತ್ತವೆ. ಧೂಳಿಗೆ ನೀರು ಚಿಮುಕಿಸುವುದು, ಕೊಳಚೆ ನೀರು ಶುದ್ಧೀಕರಿಸುವುದು, ಗಿಡ ನೆಡುವುದು ಇತ್ಯಾದಿ. ಅನುಮತಿ ಸಿಕ್ಕಿದ್ದನ್ನು ಯೋಜನೆ ತರುವವರು ಪತ್ರಿಕೆಯಲ್ಲಿ ಪ್ರಕಟಿಸಬೇಕು, ಪಂಚಾಯಿತಿಗೂ ಪ್ರತಿ ಕೊಡಬೇಕು. ಷರತ್ತು ಪಾಲಿಸಿದ ವರದಿಯನ್ನು ವರ್ಷಕ್ಕೆ ಎರಡು ಬಾರಿ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಸಲ್ಲಿಸಬೇಕು. ಕೇಂದ್ರ ಸಚಿವಾಲಯದ ಪ್ರಾದೇಶಿಕ ಕಚೇರಿ ಇದನ್ನು ನೋಡಿಕೊಳ್ಳುತ್ತದೆ. ಕಾರ್ಖಾನೆ ನಡೆಸಲು ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇರೆ ಬೇಕು. ಹಳ್ಳದ ನೀರಿನ ಬಣ್ಣ ಬದಲಾದರೆ, ಮೇವಿನ ಮೇಲೆ ಧೂಳು ಕೂತರೆ ದೂರು ಹೋಗಬೇಕಾದ್ದು ಮಂಡಳಿಯ ಜಿಲ್ಲಾ ಮಟ್ಟದ ಕಚೇರಿಗೆ. ದಿನಾಂಕ, ಹೊತ್ತು, ಜಾಗ ಬರೆದು, ಫೋಟೊ ಇಟ್ಟು ಕೊಡಿ. ಹಾಲು ಇಳಿದಿದ್ದರೆ, ರಾಸು ಕಾಯಿಲೆ ಬಿದ್ದಿದ್ದರೆ ಪಶುವೈದ್ಯರ ಚೀಟಿ ಲಗತ್ತಿಸಿ.

ಅನುಮತಿಯೇ ಸರಿಯಿಲ್ಲ ಎನಿಸಿದರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಬಹುದು. ನಮ್ಮ ರಾಜ್ಯ ಅದರ ಚೆನ್ನೈ ಪೀಠಕ್ಕೆ ಸೇರುತ್ತದೆ. ಗಡುವು 30 ದಿನ. ತಕ್ಕ ಕಾರಣವಿದ್ದರೆ ಇನ್ನೂ 60 ದಿನದವರೆಗೆ ಒಪ್ಪಬಹುದು, ಅದಕ್ಕಿಂತ ತಡವಾದರೆ ಇಲ್ಲ.

ಸದಸ್ಯೆಯರು ಕೇಳಬಹುದಾದ ಪ್ರಶ್ನೆಗಳು

ವರದಿ ನೋಡಲು ಕೊಡುತ್ತಿಲ್ಲ, ಏನು ಮಾಡುವುದು?
ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತವಾಗಿ ಕೇಳಿ. 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕು ಅರ್ಜಿಯನ್ನೂ ಹಾಕಬಹುದು. ಆದರೆ ಅದಕ್ಕೆ ಉತ್ತರ ಕೊಡಲು 30 ದಿನ ಅವಕಾಶವಿದೆ. ಅಷ್ಟರಲ್ಲಿ ಆಲಿಕೆ ಮುಗಿಯಬಹುದು. ಹಾಗಾಗಿ ಪ್ರಕಟಣೆ ನೋಡಿದ ದಿನವೇ ಕೆಲಸ ಶುರು ಮಾಡಿ.

ವಕೀಲರಿಗೆ ಕೊಡಲು ಹಣವಿಲ್ಲ.
ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ.

ಪ್ರಶ್ನೆ ಕೇಳಿದರೆ ಅಭಿವೃದ್ಧಿ ವಿರೋಧಿಗಳು ಎನ್ನುತ್ತಾರಲ್ಲ?
ಆಲಿಕೆ ಇರುವುದೇ ಪ್ರಶ್ನೆ ಕೇಳಲು. ರಸ್ತೆ ಬೇಕು ಎನ್ನುವವರೂ ದನ ದಾಟಲು ಕೆಳಸೇತುವೆ ಕೇಳಬಹುದು. ಕಾರ್ಖಾನೆ ಬರಲಿ ಎನ್ನುವವರೂ ಹಳ್ಳಕ್ಕೆ ಕೊಳಚೆ ಬಿಡಬೇಡಿ ಎನ್ನಬಹುದು. ಬೇಡವೇ ಬೇಡ ಎನ್ನುವವರು ಅದನ್ನೂ ಕಾರಣ ಸಮೇತ ಹೇಳಬಹುದು.

ಸಂಘದ ಕೆಲಸ ಹಾಲಿನದು, ಇದರಲ್ಲಿ ಸಂಘ ಏಕೆ ಬರಬೇಕು?
ನೀರು, ಮೇವು ಇಲ್ಲದೆ ಹಾಲಿಲ್ಲ. ಒಂದು ಮನೆಯ ಅರ್ಜಿಗಿಂತ ಸಂಘದ ಠರಾವಿಗೆ ತೂಕ ಹೆಚ್ಚು. ಆಡಳಿತ ಮಂಡಳಿ ಸಭೆಯಲ್ಲಿ ಚರ್ಚಿಸಿ, ಠರಾವು ಬರೆದು, ಹಾಲಿನ ಲೆಕ್ಕದ ಸಾರಾಂಶ ಸೇರಿಸಿ ಕೊಡಿ.

ಡೇರಿಯ ಗೋಡೆಗೆ ಅಂಟಿಸಿಕೊಳ್ಳಿ

ವರದಿ ಬರೆಸುವವರು: ಯೋಜನೆ ತರುವವರು.
ಆಲಿಕೆ ಏರ್ಪಡಿಸುವವರು: ಮಾಲಿನ್ಯ ನಿಯಂತ್ರಣ ಮಂಡಳಿ, 30 ದಿನ ಮೊದಲು ಪ್ರಕಟಣೆ ಕೊಟ್ಟು.
ಅಧ್ಯಕ್ಷತೆ ವಹಿಸಿ ದಾಖಲಿಸುವವರು: ಜಿಲ್ಲಾಧಿಕಾರಿ.
ಪರಿಶೀಲಿಸಿ ಶಿಫಾರಸು ಮಾಡುವವರು: ತಜ್ಞರ ಸಮಿತಿ.
ಅನುಮತಿ ಕೊಡುವವರು: ರಾಜ್ಯ ಪ್ರಾಧಿಕಾರ ಅಥವಾ ಕೇಂದ್ರ ಸಚಿವಾಲಯ.
ಅನುಮತಿಯ ಮೇಲೆ ಮೇಲ್ಮನವಿ: ಹಸಿರು ನ್ಯಾಯಮಂಡಳಿ, 30 ದಿನದೊಳಗೆ.
ಊರಿನ ನೀರು, ಮೇವು, ರಾಸುಗಳ ಲೆಕ್ಕ ಹೇಳುವವರು: ನೀವು.

ಮೇಲಿನ ಆರೂ ಕೆಲಸಗಳಿಗೆ ಸಂಬಳ ಪಡೆಯುವವರೋ, ನೇಮಕಗೊಂಡವರೋ ಇದ್ದಾರೆ. ಕೊನೆಯ ಕೆಲಸಕ್ಕೆ ಮಾತ್ರ ಬೇರೆ ಯಾರೂ ಇಲ್ಲ. ಮುಂದಿನ ಸಂಘದ ಸಭೆಯಲ್ಲಿ ಅರ್ಧ ಗಂಟೆ ಇದಕ್ಕೆ ಕೊಡಿ. ಯಾವ ಯೋಜನೆಯ ಸುದ್ದಿಯೂ ಇಲ್ಲದಿದ್ದರೂ ನೀರು, ಮೇವು, ದನದ ದಾರಿಯ ಆ ಒಂದು ಹಾಳೆ ತಯಾರಿಸಿ, ಸಂಘದ ದಾಖಲೆಗಳ ಜೊತೆ ಇಟ್ಟುಕೊಂಡಿರಿ.